ಸೆನ್ಸರ್ ನಿಜಕ್ಕೂ ಅಳೆಯುವುದು ಏನನ್ನು? ಕೈಯಾರೆ ಮಾಡಿ ಕಲಿಯುವವರಿಗೆ

ಮಲ್ಟಿಮೀಟರನ್ನು ಓಮ್‌ಗೆ ಇಟ್ಟು, ಎಲ್‌ಡಿಆರ್ ಎಂಬ ಪುಟ್ಟ ಬೆಳಕಿನ ಸೆನ್ಸರ್‌ನ ಎರಡು ಕಾಲುಗಳಿಗೆ ಪ್ರೋಬ್ ಹಿಡಿಯಿರಿ. ಕಿಟಕಿಯ ಬೆಳಕಿನಲ್ಲಿ ಒಂದೆರಡು ಸಾವಿರ ಓಮ್ ತೋರಿಸಬಹುದು. ಈಗ ಅದರ ಮುಖವನ್ನು ಬೆರಳಿನಿಂದ ಮುಚ್ಚಿ. ಅಂಕಿ ಏರುತ್ತಾ ಹೋಗುತ್ತದೆ. ಪೂರ್ತಿ ಕತ್ತಲಲ್ಲಿ ಹತ್ತು ಲಕ್ಷ ಓಮ್ ದಾಟುವುದೂ ಉಂಟು. ಸೆನ್ಸರ್ ಕಲಿಯಬೇಕು ಎನ್ನುವವರಿಗೆ ನಾನು ಮೊದಲು ಮಾಡಿಸುವುದು ಇದನ್ನೇ. ಕೋಡ್ ಬೇಡ, ಬೋರ್ಡ್ ಬೇಡ. ಹೊರಗೆ ಏನೋ ಬದಲಾದರೆ ಮೀಟರಿನ ಅಂಕಿಯೂ ಬದಲಾಗುತ್ತದೆ ಎಂಬುದನ್ನು ಒಮ್ಮೆ ಕಣ್ಣಾರೆ ಕಂಡರೆ ಅರ್ಧ ಕೆಲಸ ಮುಗಿದಂತೆ.

ಆದರೆ ಎಲ್‌ಡಿಆರ್‌ಗೆ ಹಗಲು ರಾತ್ರಿ ಗೊತ್ತಿಲ್ಲ. ಅದರ ಮುಖದ ಮೇಲೆ ಅಂಕುಡೊಂಕಾಗಿ ಹಬ್ಬಿದ ಕ್ಯಾಡ್ಮಿಯಂ ಸಲ್ಫೈಡ್ ಪಟ್ಟಿಯ ಮೇಲೆ ಬೆಳಕು ಬಿದ್ದಾಗ ಒಂದಷ್ಟು ಎಲೆಕ್ಟ್ರಾನುಗಳು ಬಿಡುಗಡೆಯಾಗುತ್ತವೆ, ವಿದ್ಯುತ್ ಸಲೀಸಾಗಿ ಹರಿಯುತ್ತದೆ, ರೋಧ (ಓಮ್‌ನಲ್ಲಿ ಅಳೆಯುವ ತಡೆ) ಇಳಿಯುತ್ತದೆ. ಅಷ್ಟೇ. 'ಕತ್ತಲಾಯಿತು, ದೀಪ ಹಚ್ಚು' ಎನ್ನುವುದು ನಮ್ಮ ಲೆಕ್ಕಾಚಾರ. ಹಾಗೆಯೇ ಯಾರಾದರೂ ಬಂದರೆ ದೀಪ ಹೊತ್ತಿಸುವ ಪಿಐಆರ್ ಸೆನ್ಸರ್ ಮನುಷ್ಯರನ್ನು ಕಾಣುವುದಿಲ್ಲ, ಅಲ್ಟ್ರಾಸಾನಿಕ್ ಸೆನ್ಸರ್ ದೂರವನ್ನು ಅಳೆಯುವುದಿಲ್ಲ, ಗ್ಯಾಸ್ ಸೆನ್ಸರ್ ಗ್ಯಾಸಿನ ಹೆಸರು ಹೇಳುವುದಿಲ್ಲ. 'ಸೆನ್ಸರ್ ಹಾಳಾಗಿದೆ' ಎಂದು ನನ್ನ ಮುಂದೆ ತಂದಿಟ್ಟ ಸರ್ಕ್ಯೂಟ್‌ಗಳಲ್ಲಿ ಹೆಚ್ಚಿನವುಗಳಲ್ಲಿ ಸೆನ್ಸರ್ ಸರಿಯಾಗಿಯೇ ಇತ್ತು. ಅದು ಅಳೆಯುತ್ತಿದ್ದುದು ಒಂದು, ಮಾಡಿದವರು ಅಂದುಕೊಂಡದ್ದು ಇನ್ನೊಂದು. ಆದ್ದರಿಂದ ಯಾವ ಸೆನ್ಸರ್ ಕೈಗೆ ಬಂದರೂ ಮೊದಲು ಕೇಳಬೇಕಾದ ಪ್ರಶ್ನೆ: ಇದರೊಳಗೆ ನಿಜಕ್ಕೂ ಬದಲಾಗುತ್ತಿರುವುದು ಏನು?

ಬೆಳಕಿಗೆ ರೋಧ ಬದಲಾಗುತ್ತದೆ ಎಂಬುದು ಲೋಕಕ್ಕೆ ತಿಳಿದದ್ದು ಕೂಡ ಹೀಗೆ, ಬೇರೇನನ್ನೋ ಅಳೆಯಲು ಹೋದಾಗ. ಸಮುದ್ರದಡಿಯ ಟೆಲಿಗ್ರಾಫ್ ಕೇಬಲ್‌ಗಳನ್ನು ಪರೀಕ್ಷಿಸಲು ವಿಲ್ಲೋಬಿ ಸ್ಮಿತ್ ಎಂಬ ಇಂಜಿನಿಯರ್ ಸೆಲೆನಿಯಂ ಕಡ್ಡಿಗಳನ್ನು ಹೆಚ್ಚು ರೋಧದ ರೆಸಿಸ್ಟರ್‌ಗಳಾಗಿ ಬಳಸುತ್ತಿದ್ದರು. ಅಳತೆ ಒಂದೇ ಸಮ ನಿಲ್ಲುತ್ತಿರಲಿಲ್ಲ. ಕಡ್ಡಿಯ ಮೇಲೆ ಬೀಳುವ ಬೆಳಕೇ ಕಾರಣ ಎಂಬುದು ಬೆಳಕಿಗೆ ಬಂದದ್ದು 1873ರಲ್ಲಿ.

ಬೇಕಾಗುವ ಸಾಮಾನು

ಒಂದು ಮಲ್ಟಿಮೀಟರ್, ಬ್ರೆಡ್‌ಬೋರ್ಡ್ (ಬೆಸುಗೆಯಿಲ್ಲದೆ ಬಿಡಿಭಾಗಗಳನ್ನು ಸಿಕ್ಕಿಸುವ ಹಲಗೆ), ಜಂಪರ್ ವೈರ್, 10 ಕಿಲೋಓಮ್‌ನ ಕೆಲವು ರೆಸಿಸ್ಟರ್, ಕೋಡ್ ನಡೆಸುವ ಆರ್ಡುಯಿನೊ ಊನೊ ಅಥವಾ ಇಎಸ್‌ಪಿ32 ಬೋರ್ಡ್. ರಾಸ್‌ಬೆರಿ ಪೈ ಇದ್ದವರು ಗಮನಿಸಿ: ಅದರ ಪಿನ್ನುಗಳು ಅನಲಾಗ್ ವೋಲ್ಟೇಜನ್ನು ನೇರವಾಗಿ ಓದುವುದಿಲ್ಲ, ನಡುವೆ ವೋಲ್ಟೇಜನ್ನು ಅಂಕಿಯಾಗಿಸುವ ಎಡಿಸಿ ಚಿಪ್ ಬೇಕು.

ಮೊದಲ ಹೆಜ್ಜೆ: ರೋಧವನ್ನು ವೋಲ್ಟೇಜ್ ಮಾಡುವುದು

ಬೋರ್ಡಿಗೆ ಓಮ್ ಅರ್ಥವಾಗುವುದಿಲ್ಲ, ವೋಲ್ಟೇಜ್ ಅರ್ಥವಾಗುತ್ತದೆ. ಹಾಗಾಗಿ ವೋಲ್ಟೇಜ್ ಡಿವೈಡರ್ ಕಟ್ಟಬೇಕು. 5 ವೋಲ್ಟಿನಿಂದ ಎಲ್‌ಡಿಆರ್, ಎಲ್‌ಡಿಆರ್‌ನ ಇನ್ನೊಂದು ಕಾಲಿನಿಂದ 10 ಕಿಲೋಓಮ್ ರೆಸಿಸ್ಟರ್, ಅಲ್ಲಿಂದ ಗ್ರೌಂಡ್. ಎರಡೂ ಸೇರುವ ಜಾಗದಿಂದ ಒಂದು ವೈರ್ ಬೋರ್ಡಿನ ಅನಲಾಗ್ ಪಿನ್ನಿಗೆ. ಇಎಸ್‌ಪಿ32 ಆದರೆ 5ರ ಬದಲು 3.3 ವೋಲ್ಟ್ ಕೊಡಿ, ಅದರ ಪಿನ್ನುಗಳು 5 ವೋಲ್ಟ್ ತಾಳುವುದಿಲ್ಲ.

ಲೆಕ್ಕ ಸುಲಭ. ಕೆಳಗಿನ ರೆಸಿಸ್ಟರ್‌ನ ರೋಧವನ್ನು ಎರಡೂ ರೋಧಗಳ ಮೊತ್ತದಿಂದ ಭಾಗಿಸಿ, 5ರಿಂದ ಗುಣಿಸಿ. ಬೆಳಕಿನಲ್ಲಿ ಎಲ್‌ಡಿಆರ್ 2 ಕಿಲೋಓಮ್ ಇದ್ದರೆ ಸೇರುವ ಜಾಗದಲ್ಲಿ ಸುಮಾರು 4.17 ವೋಲ್ಟ್. ಕತ್ತಲಲ್ಲಿ 200 ಕಿಲೋಓಮ್ ಆದರೆ ಬರೀ 0.24 ವೋಲ್ಟ್. ಆರ್ಡುಯಿನೊ ಊನೊ 0ಯಿಂದ 5 ವೋಲ್ಟಿನ ನಡುವಿನದನ್ನು 0ಯಿಂದ 1023ರವರೆಗಿನ ಅಂಕಿಯಾಗಿ ಕೊಡುತ್ತದೆ, ಅಂದರೆ ಒಂದೊಂದು ಮೆಟ್ಟಿಲು ಸುಮಾರು 4.9 ಮಿಲಿವೋಲ್ಟ್. ಮೇಲಿನ ಎರಡು ಸ್ಥಿತಿಗಳಲ್ಲಿ ನಿಮಗೆ ಕಾಣುವ ಅಂಕಿ ಸುಮಾರು 850 ಮತ್ತು 50.

10 ಕಿಲೋಓಮೇ ಏಕೆ ಎಂದು ಯಾರೂ ಕೇಳುವುದಿಲ್ಲ, ಕೇಳಬೇಕು. ನಿಮಗೆ ಮುಖ್ಯವಾದ ಎರಡು ತುದಿಗಳಲ್ಲಿ ಸೆನ್ಸರ್‌ನ ರೋಧ ಎಷ್ಟೆಂದು ಮಲ್ಟಿಮೀಟರಿನಲ್ಲಿ ನೋಡಿ, ಅವೆರಡನ್ನೂ ಗುಣಿಸಿ ವರ್ಗಮೂಲ ತೆಗೆಯಿರಿ. ಅದರ ಹತ್ತಿರದ ರೆಸಿಸ್ಟರ್ ಹಾಕಿದರೆ ವೋಲ್ಟೇಜಿನ ಏರಿಳಿತ ಅತಿ ಹೆಚ್ಚು ಸಿಗುತ್ತದೆ. ಉದಾಹರಣೆಗೆ, ಸಂಜೆಯ ಹೊತ್ತು 2,000ದಿಂದ 50,000 ಓಮ್ ನಡುವೆ ಓಡಾಡುವ ಎಲ್‌ಡಿಆರ್‌ಗೆ ಸರಿಯಾಗಿ 10,000 ಓಮ್ ಬರುತ್ತದೆ. ಬಿರುಬಿಸಿಲಿನಲ್ಲಿ ಇಡುವುದಾದರೆ ಅದೇ 10 ಕಿಲೋಓಮ್ ತೀರಾ ಹೆಚ್ಚಾಗುತ್ತದೆ, ಓದಿದ ಅಂಕಿಯೆಲ್ಲ ಮೇಲಿನ ತುದಿಗೆ ಅಂಟಿಕೊಂಡು ಕೂರುತ್ತದೆ.

ಎರಡನೇ ಹೆಜ್ಜೆ: ಒಂದಲ್ಲ, ಎರಡು ಗಡಿ

ನಾನು ಮೊದಲ ಸಲ ಮಾಡಿದ ಕತ್ತಲೆ ದೀಪ ಸಂಜೆಯಾಗುತ್ತಿದ್ದಂತೆ ಮಿಣಮಿಣ ಹೊತ್ತಿ ಆರತೊಡಗಿತು. ದೀಪದ ಸ್ವಿಚ್ಚಾಗಿದ್ದ ರಿಲೇ ಟಕಟಕ ಬಡಿದುಕೊಳ್ಳುತ್ತಿತ್ತು. ಎಲ್‌ಡಿಆರ್ ಬದಲಿಸಿದೆ, ವೈರ್ ಬದಲಿಸಿದೆ, ಏನೂ ಆಗಲಿಲ್ಲ. ಆಮೇಲೆ ತಿಳಿಯಿತು: ಕತ್ತಲಾದಾಗ ದೀಪ ಹೊತ್ತುತ್ತದೆ, ಆ ದೀಪದ ಬೆಳಕೇ ಎಲ್‌ಡಿಆರ್ ಮೇಲೆ ಬೀಳುತ್ತದೆ, ಬೆಳಕಾಯಿತೆಂದು ದೀಪ ಆರುತ್ತದೆ, ಮತ್ತೆ ಕತ್ತಲು. ಸೆನ್ಸರ್ ತನ್ನ ಕೆಲಸವನ್ನು ಚಾಚೂ ತಪ್ಪದೆ ಮಾಡುತ್ತಿತ್ತು.

ಇದಕ್ಕೆ ಮದ್ದು ಎರಡು. ದೀಪದ ಬೆಳಕು ಬೀಳದ ಕಡೆಗೆ ಸೆನ್ಸರ್‌ನ ಮುಖ ತಿರುಗಿಸಿ, ಬೇಕಾದರೆ ಕಪ್ಪು ಕೊಳವೆಯೊಳಗೆ ಇಡಿ. ಜೊತೆಗೆ ಹೊತ್ತಿಸುವ ಗಡಿ, ಆರಿಸುವ ಗಡಿ ಬೇರೆಬೇರೆ ಇರಲಿ. ಅಂಕಿ 300ಕ್ಕಿಂತ ಕೆಳಗಿಳಿದರೆ ಹೊತ್ತಿಸು, 450 ದಾಟಿದರೆ ಮಾತ್ರ ಆರಿಸು, ನಡುವೆ ಇದ್ದರೆ ಇದ್ದ ಹಾಗೆಯೇ ಬಿಡು. ಇದಕ್ಕೆ ಹಿಸ್ಟರೆಸಿಸ್ ಎನ್ನುತ್ತಾರೆ. ಫ್ರಿಜ್ಜಿನ ಕಂಪ್ರೆಸರ್, ಇಸ್ತ್ರಿಪೆಟ್ಟಿಗೆ, ನೀರಿನ ಟ್ಯಾಂಕಿನ ಪಂಪು, ಎಲ್ಲವೂ ಇದೇ ಉಪಾಯದಿಂದ ನೆಮ್ಮದಿಯಾಗಿ ನಡೆಯುತ್ತವೆ. ಮೋಡವೊಂದು ಹಾದುಹೋದಾಗ ದೀಪ ಹೊತ್ತಬಾರದು ಎಂದಿದ್ದರೆ, ಅಂಕಿ ಅರ್ಧ ನಿಮಿಷ ಸತತವಾಗಿ ಗಡಿಯಾಚೆ ಇದ್ದರೆ ಮಾತ್ರ ನಿರ್ಧಾರ ಮಾಡುವಂತೆ ಕೋಡ್ ಬರೆಯಿರಿ.

ಅಂದ ಹಾಗೆ, ಎಲ್‌ಡಿಆರ್ ನಿಧಾನದ ಪ್ರಾಣಿ. ಬೆಳಕು ಬದಲಾದದ್ದು ಅದಕ್ಕೆ ತಿಳಿಯಲು ಹತ್ತಾರು ಮಿಲಿಸೆಕೆಂಡ್ ಬೇಕು. ಬೇಗ ತಿಳಿಯಬೇಕಾದಲ್ಲಿ ಫೋಟೋಡಯೋಡ್ ಅಥವಾ ಫೋಟೋಟ್ರಾನ್ಸಿಸ್ಟರ್ ಬಳಸುತ್ತಾರೆ. ಕ್ಯಾಡ್ಮಿಯಂ ವಿಷಕಾರಿ ಎಂಬ ಕಾರಣಕ್ಕೂ ಹೊಸ ಸಾಧನಗಳು ಇವುಗಳ ಕಡೆಗೇ ಹೊರಳಿವೆ.

ಅದೇ ಸರ್ಕ್ಯೂಟ್, ಈಗ ಬಿಸಿ

ಬ್ರೆಡ್‌ಬೋರ್ಡಿನಿಂದ ಎಲ್‌ಡಿಆರ್ ಕಿತ್ತು ಅದೇ ಜಾಗದಲ್ಲಿ 10 ಕಿಲೋಓಮ್‌ನ ಎನ್‌ಟಿಸಿ ಥರ್ಮಿಸ್ಟರ್ ಇಡಿ. ಬೇರೇನೂ ಬದಲಿಸಬೇಕಿಲ್ಲ. ಬಿಸಿ ಏರಿದಂತೆ ಇದರ ರೋಧ ಇಳಿಯುತ್ತದೆ. ಬೀಟಾ ಮೌಲ್ಯ (ಬಿಸಿಗೆ ರೋಧ ಎಷ್ಟು ಚುರುಕಾಗಿ ಬದಲಾಗುತ್ತದೆ ಎಂಬುದರ ಅಂಕಿ) 3950 ಇರುವಂಥದ್ದಾದರೆ 0 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 33.6 ಕಿಲೋಓಮ್, 25 ಡಿಗ್ರಿಯಲ್ಲಿ 10, 50 ಡಿಗ್ರಿಯಲ್ಲಿ ಸುಮಾರು 3.6. ಮೊದಲ 25 ಡಿಗ್ರಿಗೆ 23 ಕಿಲೋಓಮ್‌ಗಿಂತ ಹೆಚ್ಚು ಇಳಿದದ್ದು, ಮುಂದಿನ 25 ಡಿಗ್ರಿಗೆ ಆರೂವರೆಯಷ್ಟೇ ಇಳಿಯಿತು. ಅಂದರೆ ಗ್ರಾಫ್ ನೇರ ಗೆರೆಯಲ್ಲ. ಎರಡು ಬಿಂದು ಹಿಡಿದು ನಡುವೆ ಗೆರೆ ಎಳೆದರೆ ನಡುವಿನ ಬಿಸಿಯೆಲ್ಲ ತಪ್ಪಾಗುತ್ತದೆ, ಬೀಟಾ ಸೂತ್ರವನ್ನೇ ಬಳಸಿ. ಎಸಿ, ಮೊಬೈಲಿನ ಬ್ಯಾಟರಿ, 3ಡಿ ಪ್ರಿಂಟರ್‌ನ ಬಿಸಿ ಮೂತಿ, ಇವುಗಳಲ್ಲೆಲ್ಲ ಥರ್ಮಿಸ್ಟರ್ ಕೂತಿರುತ್ತದೆ.

ಲೆಕ್ಕ ಬೇಡ ಎನ್ನುವವರಿಗೆ ಎಲ್‌ಎಂ35 ಎಂಬ ಬಿಸಿಯ ಸೆನ್ಸರ್ ಇದೆ, ಡಿಗ್ರಿಗೆ 10 ಮಿಲಿವೋಲ್ಟ್ ಕೊಡುತ್ತದೆ. 25 ಡಿಗ್ರಿ ಎಂದರೆ 0.25 ವೋಲ್ಟ್. ವೈರ್ ಉದ್ದ ಇದ್ದರೆ ನನ್ನ ಆಯ್ಕೆ ಡಿಎಸ್18ಬಿ20. ಅದು ಒಳಗೇ ಅಳೆದು ಅಂಕಿಯನ್ನೇ ಕಳಿಸುತ್ತದೆ, ಹಾಗಾಗಿ ದಾರಿಯಲ್ಲಿ ವೋಲ್ಟೇಜ್ ಕೆಡುವ ಭಯವಿಲ್ಲ. ಪ್ರತಿಯೊಂದಕ್ಕೂ ತನ್ನದೇ 64 ಬಿಟ್ ಗುರುತು ಇರುವುದರಿಂದ ಒಂದೇ ವೈರಿಗೆ ಹಲವನ್ನು ತೂಗುಹಾಕಬಹುದು. ಡೇಟಾ ವೈರಿನಿಂದ ಸಪ್ಲೈಗೆ 4.7 ಕಿಲೋಓಮ್ ರೆಸಿಸ್ಟರ್ ಹಾಕುವುದನ್ನು ಮಾತ್ರ ಮರೆಯಬೇಡಿ.

ಕುಲುಮೆಯಂಥ ಬಿಸಿಗೆ ಇವು ಯಾವುವೂ ತಾಳುವುದಿಲ್ಲ, ಅಲ್ಲಿ ಥರ್ಮೋಕಪಲ್ ಬೇಕು. ಎರಡು ಬೇರೆ ಲೋಹದ ತಂತಿಗಳನ್ನು ತುದಿಯಲ್ಲಿ ಬೆಸೆದದ್ದು ಅದು. ಕೆ ಮಾದರಿಯದು ಡಿಗ್ರಿಗೆ ಸುಮಾರು 41 ಮೈಕ್ರೋವೋಲ್ಟ್ ಕೊಡುತ್ತದೆ. ನಮ್ಮ ಪ್ರಶ್ನೆಯನ್ನು ಇಲ್ಲಿ ಕೇಳಿದರೆ ಉತ್ತರ ಸ್ವಾರಸ್ಯವಾಗಿದೆ: ಥರ್ಮೋಕಪಲ್ ಕುಲುಮೆಯ ಬಿಸಿಯನ್ನು ಅಳೆಯುವುದೇ ಇಲ್ಲ, ಬಿಸಿ ತುದಿಗೂ ಮೀಟರಿನ ಕಡೆಯ ತುದಿಗೂ ಇರುವ ವ್ಯತ್ಯಾಸವನ್ನು ಅಳೆಯುತ್ತದೆ. ಆದ್ದರಿಂದ ಮೀಟರಿನ ಕಡೆ ಇನ್ನೊಂದು ಸಾಧಾರಣ ಸೆನ್ಸರ್ ಇಟ್ಟು ಆ ಬಿಸಿಯನ್ನೂ ಕೂಡಿಸಬೇಕು.

ದೂರ ಅಳೆಯುವುದು ಅಂದರೆ ಸಮಯ ಅಳೆಯುವುದು

ಎಚ್‌ಸಿ-ಎಸ್‌ಆರ್04 ಎಂಬ ಎರಡು ಕಣ್ಣಿನ ಮಾಡ್ಯೂಲ್ ಎಲ್ಲರ ಕೈಗೂ ಬೇಗ ಬರುತ್ತದೆ. ಒಂದು ಕಣ್ಣು ಕೂಗುತ್ತದೆ, ಇನ್ನೊಂದು ಕೇಳಿಸಿಕೊಳ್ಳುತ್ತದೆ. ನಡೆಯುವುದು ಹೀಗೆ: ಟ್ರಿಗರ್ ಪಿನ್ನಿಗೆ 10 ಮೈಕ್ರೋಸೆಕೆಂಡ್ ಕಾಲ ವೋಲ್ಟೇಜ್ ಕೊಟ್ಟರೆ, ಮಾಡ್ಯೂಲ್ 40 ಕಿಲೋಹರ್ಟ್ಸ್‌ನ ಎಂಟು ಅಲೆಗಳನ್ನು ಹೊರಗೆ ಬಿಡುತ್ತದೆ. ನಮ್ಮ ಕಿವಿಗೆ ಅದು ಕೇಳಿಸದು. ಶಬ್ದ ಹೋಗಿ ಬಡಿದು ಮರಳುವವರೆಗೆ ಎಕೋ ಪಿನ್ ಎತ್ತರದಲ್ಲಿರುತ್ತದೆ. ಎಷ್ಟು ಹೊತ್ತು ಇತ್ತು ಎಂಬುದೊಂದೇ ನಿಮಗೆ ಸಿಗುವ ಮಾಹಿತಿ.

20 ಡಿಗ್ರಿಯ ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಒಂದು ಮೀಟರ್ ದೂರದ ಗೋಡೆಗೆ ಹೋಗಿ ಬರಲು 2 ಮೀಟರ್, ಅಂದರೆ 5.8 ಮಿಲಿಸೆಕೆಂಡ್. ಮೈಕ್ರೋಸೆಕೆಂಡುಗಳನ್ನು 58ರಿಂದ ಭಾಗಿಸಿದರೆ ಸೆಂಟಿಮೀಟರ್ ಸಿಗುತ್ತದೆ ಎಂಬ ಪ್ರಸಿದ್ಧ ಸೂತ್ರ ಬಂದದ್ದು ಇಲ್ಲಿಂದಲೇ. ಆದರೆ ಆ 58ರೊಳಗೆ ಗಾಳಿಯ ಬಿಸಿ ಅಡಗಿ ಕೂತಿದೆ. ಡಿಗ್ರಿಗೆ ಸುಮಾರು 0.6 ಮೀಟರಿನಂತೆ ಶಬ್ದದ ವೇಗ ಏರುತ್ತದೆ, 40 ಡಿಗ್ರಿಯಲ್ಲಿ ಅದು 355 ಆಗಿರುತ್ತದೆ. ಆಗ ಹಳೆಯ ಸೂತ್ರದಲ್ಲೇ ಲೆಕ್ಕ ಹಾಕಿದರೆ ಒಂದು ಮೀಟರ್ ದೂರದ ವಸ್ತು ಸುಮಾರು ಮೂರು ಸೆಂಟಿಮೀಟರ್ ಹತ್ತಿರ ಇದೆ ಎಂದು ತೋರಿಸುತ್ತದೆ. ನೀರಿನ ಮಟ್ಟ ನೋಡಲು ಇದು ನಡೆದೀತು, ಸರಿಯಾದ ಅಳತೆಗೆ ಪಕ್ಕದಲ್ಲೊಂದು ಬಿಸಿಯ ಸೆನ್ಸರ್ ಇಡಿ.

ಮಾಡುವಾಗ ಈ ಕ್ರಮ ಹಿಡಿಯಿರಿ. ಮಾಡ್ಯೂಲಿಗೆ 5 ವೋಲ್ಟ್ ಕೊಡಿ. ಬೋರ್ಡ್ 3.3 ವೋಲ್ಟಿನದಾದರೆ ಎಕೋ ಪಿನ್ನಿನಿಂದ 1 ಕಿಲೋಓಮ್, ಆಮೇಲೆ ಗ್ರೌಂಡಿಗೆ 2 ಕಿಲೋಓಮ್ ಹಾಕಿ ನಡುವಿನಿಂದ ವೈರ್ ತನ್ನಿ, 5 ವೋಲ್ಟ್ 3.3ಕ್ಕೆ ಇಳಿಯುತ್ತದೆ. ಬೋರ್ಡ್ ಸುಡುವುದನ್ನು ಈ ಎರಡು ರೆಸಿಸ್ಟರ್ ತಪ್ಪಿಸುತ್ತವೆ. ಒಂದು ಓದಿಗೂ ಇನ್ನೊಂದಕ್ಕೂ 60 ಮಿಲಿಸೆಕೆಂಡ್ ಬಿಡಿ, ಇಲ್ಲದಿದ್ದರೆ ಹಿಂದಿನ ಕೂಗಿನ ಮಾರ್ದನಿಯೇ ಈಗಿನದೆಂದು ಲೆಕ್ಕಕ್ಕೆ ಬರುತ್ತದೆ. ಐದು ಸಲ ಓದಿ, ಏರಿಕೆಯ ಕ್ರಮದಲ್ಲಿ ಜೋಡಿಸಿ, ನಡುವಿನದನ್ನು ಇಟ್ಟುಕೊಳ್ಳಿ. ಸರಾಸರಿ ತೆಗೆಯಬೇಡಿ: ಐದರಲ್ಲಿ ಒಂದು ಹುಚ್ಚು ಅಂಕಿ ಬಂದರೂ ಸರಾಸರಿ ಕೆಡುತ್ತದೆ, ನಡುವಿನ ಅಂಕಿಗೆ ಅದು ತಾಗುವುದಿಲ್ಲ.

ಶಬ್ದ ಮರಳದಿದ್ದರೆ ಈ ಸೆನ್ಸರ್ ಕುರುಡು. ದಪ್ಪ ಬಟ್ಟೆ, ಹತ್ತಿ ಶಬ್ದವನ್ನು ನುಂಗುತ್ತವೆ. ಓರೆಯಾದ ನುಣುಪು ಹಲಗೆ ಶಬ್ದವನ್ನು ಬೇರೆ ದಿಕ್ಕಿಗೆ ಅಟ್ಟುತ್ತದೆ. 2 ಸೆಂಟಿಮೀಟರಿಗಿಂತ ಹತ್ತಿರ ಇರುವುದೂ ಕಾಣದು. ಟ್ಯಾಂಕಿನ ಮುಚ್ಚಳಕ್ಕೆ ಇದನ್ನು ಜೋಡಿಸುವವರು ಬಹಳ. ಆದರೆ ಒಳಗಿನ ಆವಿ ಈ ತೆರೆದ ಕಣ್ಣುಗಳನ್ನು ಕಾಲಕ್ರಮೇಣ ತಿನ್ನುತ್ತದೆ. ಅಲ್ಲಿಗೆ ಕಾರಿನ ಬಂಪರಿನಲ್ಲಿರುವಂಥ, ನೀರು ಹೊಗದ ಒಂಟಿ ಕಣ್ಣಿನ ಸೆನ್ಸರೇ ಸರಿ. ಅದರ ಕುರುಡು ಅಂತರ 20 ಸೆಂಟಿಮೀಟರಿಗೂ ಹೆಚ್ಚಿರುವುದರಿಂದ ತುಂಬಿದ ನೀರಿಗಿಂತ ಅಷ್ಟು ಮೇಲೆ ಕೂರಿಸಬೇಕು.

ಚಲನೆ ಕಾಣುವವು, ಕಾಂತ ಕಾಣುವವು

ಪಿಐಆರ್ ಸೆನ್ಸರ್‌ನ ಬಿಳಿ ಗುಮ್ಮಟ ಬರೀ ಮುಚ್ಚಳವಲ್ಲ, ಹಲವು ಫ್ರೆನೆಲ್ ಲೆನ್ಸ್‌ಗಳ ಗುಂಪು. ಮೈಬಿಸಿಯಿಂದ ಹೊರಡುವ ಅವಕೆಂಪು ಕಿರಣಗಳನ್ನು ಅದು ಒಳಗಿನ ಎರಡು ತುಣುಕುಗಳ ಮೇಲೆ ಬೀಳಿಸುತ್ತದೆ. ಎರಡರ ನಡುವೆ ವ್ಯತ್ಯಾಸ ಬಂದಾಗ ಮಾತ್ರ ಸೆನ್ಸರ್ ಏಳುತ್ತದೆ. ಹಾಗಾಗಿ ಅಲುಗಾಡದೆ ಓದುತ್ತಾ ಕುಳಿತವರು ಅದರ ಪಾಲಿಗೆ ಇಲ್ಲವೇ ಇಲ್ಲ, ಶೌಚಾಲಯದಲ್ಲಿ, ಓದುವ ಕೋಣೆಯಲ್ಲಿ ದೀಪ ತಟ್ಟನೆ ಆರುವುದು ಇದರಿಂದಲೇ. ಕರೆಂಟ್ ಕೊಟ್ಟ ಮೇಲೆ ಒಂದು ನಿಮಿಷ ಅದನ್ನು ಅದರ ಪಾಡಿಗೆ ಬಿಡಿ, ಆಗಿನ ಸುಳ್ಳು ಸಂಕೇತಗಳನ್ನು ನಂಬಬೇಡಿ. ಜನ ಅಡ್ಡ ಹಾಯುವಂತೆ ಅದನ್ನು ನಿಲ್ಲಿಸಿ, ನೇರ ಎದುರಿಗೆ ಬರುವವರನ್ನು ಹಿಡಿಯುವುದು ಅದಕ್ಕೆ ಕಷ್ಟ. ಗಾಜಿನ ಹಿಂದೆ ಇಟ್ಟರೆ ಕೆಲಸ ಮಾಡದು, ಏಕೆಂದರೆ ಆ ಕಿರಣಗಳಿಗೆ ಗಾಜು ಗೋಡೆಯಿದ್ದಂತೆ.

ತಾನೇ ಅವಕೆಂಪು ಬೆಳಕು ಬಿಟ್ಟು, ಮರಳಿದ್ದನ್ನು ನೋಡುವ ಐಆರ್ ಸೆನ್ಸರ್ ಬೇರೆ. ಕೈ ಒಡ್ಡಿದರೆ ನೀರು ಬಿಡುವ ನಲ್ಲಿ, ಗೆರೆ ಹಿಡಿದು ಓಡುವ ರೋಬೋ ಇದರ ಮಕ್ಕಳು. ಕಪ್ಪು ಬಣ್ಣ ಬೆಳಕನ್ನು ಹೀರುವುದರಿಂದ ಹತ್ತಿರದ ಕಪ್ಪು ವಸ್ತುವೂ ದೂರವಿದ್ದಂತೆ ತೋರುತ್ತದೆ.

ಕಾಂತ ಕ್ಷೇತ್ರವನ್ನು ಅರಿಯುವ ಹಾಲ್ ಸೆನ್ಸರ್ ನನಗೆ ಬಹಳ ಇಷ್ಟ, ಏಕೆಂದರೆ ಮುಟ್ಟದೆ, ಸವೆಯದೆ, ಧೂಳು ಎಣ್ಣೆ ಲೆಕ್ಕಿಸದೆ ವರ್ಷಗಟ್ಟಲೆ ದುಡಿಯುತ್ತದೆ. ವಿದ್ಯುತ್ ಹರಿಯುವ ಪಟ್ಟಿಯ ಹತ್ತಿರ ಕಾಂತ ತಂದರೆ ಅದರ ಅಡ್ಡಕ್ಕೆ ಪುಟ್ಟ ವೋಲ್ಟೇಜ್ ಹುಟ್ಟುತ್ತದೆ, ಅದನ್ನೇ ಇದು ಅಳೆಯುವುದು. ಭೌತವಿಜ್ಞಾನಿ ಎಡ್ವಿನ್ ಹಾಲ್ ಈ ಪರಿಣಾಮವನ್ನು ಕಂಡದ್ದು 1879ರಲ್ಲಿ, ಎಲೆಕ್ಟ್ರಾನ್ ಎಂಬುದೊಂದಿದೆ ಎಂದು ಗೊತ್ತಾಗುವುದಕ್ಕೂ ಹದಿನೆಂಟು ವರ್ಷ ಮೊದಲು. ವಿದ್ಯುತ್ ಸ್ಕೂಟರಿನ ಮೋಟಾರಿನೊಳಗೆ, ಚಕ್ರದ ವೇಗ ನೋಡುವಲ್ಲಿ, ಲ್ಯಾಪ್‌ಟಾಪ್ ಮುಚ್ಚಿದ್ದು ತಿಳಿಯುವಲ್ಲಿ ಇದಿದೆ.

ಫೋನ್ ತಿರುಗಿಸಿದಾಗ ಪರದೆಯೂ ತಿರುಗುವುದು ಆಕ್ಸಿಲರೋಮೀಟರ್‌ನಿಂದ. ಸಿಲಿಕಾನಿನಲ್ಲಿ ಕೊರೆದ ಸೂಕ್ಷ್ಮ ಬಾಚಣಿಗೆಯೊಂದು ಸ್ಪ್ರಿಂಗಿನ ಮೇಲೆ ತೂಗುತ್ತಿರುತ್ತದೆ. ಅದು ಅಲುಗಿದಾಗ ಪಕ್ಕದ ಹಲ್ಲುಗಳೊಂದಿಗಿನ ಕೆಪಾಸಿಟೆನ್ಸ್ (ವಿದ್ಯುದಾವೇಶ ಹಿಡಿದಿಡುವ ಸಾಮರ್ಥ್ಯ) ಬದಲಾಗುತ್ತದೆ. ಮೇಜಿನ ಮೇಲೆ ಸುಮ್ಮನೆ ಇದ್ದಾಗ ಅದು ಗುರುತ್ವದ ಅಂಕಿಯಾದ 9.8 (ಮೀಟರ್/ಸೆಕೆಂಡ್²) ತೋರಿಸುತ್ತದೆ, ಕೈಜಾರಿ ಬೀಳುತ್ತಿರುವಾಗ ಸೊನ್ನೆ. ಮೊದಲ ಸಲ ನೋಡಿದವರಿಗೆ ತಲೆಕೆಳಗು ಎನಿಸುತ್ತದೆ, ಆದರೆ ಅದು ಅಳೆಯುವುದು ಸ್ಪ್ರಿಂಗ್ ಎಷ್ಟು ಬಾಗಿದೆ ಎಂಬುದನ್ನು.

ತೂಕ: ಹೊಂದಿಸದೆ ನಂಬಬೇಡಿ

ಲೋಡ್ ಸೆಲ್ ಒಂದು ಲೋಹದ ತುಂಡು. ಭಾರ ಬಿದ್ದಾಗ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಮೇಲೆ ಅಂಟಿಸಿದ ಸ್ಟ್ರೈನ್ ಗೇಜ್‌ಗಳು ಹಿಗ್ಗಿ ಕುಗ್ಗಿ ರೋಧ ಬದಲಿಸುತ್ತವೆ. ಈ ಬದಲಾವಣೆ ಎಷ್ಟು ಸಣ್ಣದೆಂದರೆ ಸಾಧಾರಣ ಡಿವೈಡರ್ ಸಾಲದು, ನಾಲ್ಕು ಗೇಜ್‌ಗಳನ್ನು ವೀಟ್‌ಸ್ಟನ್ ಬ್ರಿಡ್ಜ್ ಆಗಿ, ಅಂದರೆ ಎರಡು ಡಿವೈಡರ್‌ಗಳ ವ್ಯತ್ಯಾಸ ಮಾತ್ರ ಹೊರಬರುವಂತೆ ಜೋಡಿಸುತ್ತಾರೆ. ಹೆಸರು ವೀಟ್‌ಸ್ಟನ್‌ರದ್ದಾದರೂ ಅದನ್ನು 1833ರಲ್ಲಿ ಮೊದಲು ವಿವರಿಸಿದವರು ಸ್ಯಾಮ್ಯುಯೆಲ್ ಹಂಟರ್ ಕ್ರಿಸ್ಟಿ. ಬ್ರಿಡ್ಜಿಗೆ 5 ವೋಲ್ಟ್ ಕೊಟ್ಟರೆ ಪೂರ್ತಿ ಭಾರದಲ್ಲೂ ಹೊರಬರುವುದು ಹತ್ತು ಮಿಲಿವೋಲ್ಟಿನಷ್ಟು. ಅದಕ್ಕೇ ಆ ಪುಟ್ಟ ವೋಲ್ಟೇಜನ್ನು ಹಿಗ್ಗಿಸಿ ಅಂಕಿಯಾಗಿಸುವ 24 ಬಿಟ್‌ನ ಎಚ್‌ಎಕ್ಸ್711 ಚಿಪ್ ಬೇಕಾಗುವುದು.

ಕ್ಯಾಲಿಬ್ರೇಷನ್ ಹೀಗೆ ಮಾಡಿ. ತಟ್ಟೆ ಖಾಲಿ ಇಟ್ಟು ಹತ್ತು ನಿಮಿಷ ಬಿಸಿಯಾಗಲು ಬಿಡಿ, ಆಮೇಲೆ ಬಂದ ಅಂಕಿ ಬರೆದಿಡಿ. ಗೊತ್ತಿರುವ ತೂಕ ಇಟ್ಟು ಇನ್ನೊಂದು ಅಂಕಿ ಬರೆಯಿರಿ. ಎರಡರ ವ್ಯತ್ಯಾಸವನ್ನು ತೂಕದ ಗ್ರಾಂಗಳಿಂದ ಭಾಗಿಸಿದರೆ ನಿಮ್ಮ ಗುಣಕ ಸಿಕ್ಕಿತು. ಈಗ ಮೂರನೆಯ, ಬೇರೆಯೇ ತೂಕ ಇಟ್ಟು ಪರೀಕ್ಷಿಸಿ. ಈ ಮೂರನೆಯದನ್ನು ಬಿಟ್ಟುಬಿಡುವವರೇ ಹೆಚ್ಚು, ತಪ್ಪು ಹೊರಬರುವುದು ಅಲ್ಲಿಯೇ.

ಮಣ್ಣು ಮತ್ತು ಗ್ಯಾಸ್

ಮಣ್ಣಿನ ತೇವ ನೋಡಲು ಎರಡು ಕವಲಿನ ಅಗ್ಗದ ಸೆನ್ಸರ್ ಕೊಂಡರೆ ಕೆಲವೇ ವಾರಗಳಲ್ಲಿ ಒಂದು ಕವಲು ಕರಗಿಹೋಗಬಹುದು. ತೇವದ ಮಣ್ಣಿನಲ್ಲಿ ವಿದ್ಯುತ್ ಒಂದೇ ದಿಕ್ಕಿನಲ್ಲಿ ಹರಿಯುವುದರಿಂದ ವಿದ್ಯುದ್ವಿಭಜನೆ ನಡೆದು ಲೋಹ ಸವೆಯುತ್ತದೆ. ಓದುವ ಕ್ಷಣಕ್ಕಷ್ಟೇ ಅದಕ್ಕೆ ಕರೆಂಟ್ ಕೊಟ್ಟರೆ ಆಯುಷ್ಯ ಹೆಚ್ಚುತ್ತದೆ. ಲೋಹ ಮಣ್ಣಿಗೆ ತಾಗದ ಕೆಪಾಸಿಟಿವ್ ಸೆನ್ಸರ್ ಇನ್ನೂ ಒಳ್ಳೆಯದು, ಮೇಲಿನ ಸರ್ಕ್ಯೂಟ್ ಭಾಗಕ್ಕೆ ಮಾತ್ರ ನೀರು ತಾಗದಂತೆ ನೋಡಿಕೊಳ್ಳಿ.

ಗ್ಯಾಸ್ ಸೆನ್ಸರ್ ವಿಷಯದಲ್ಲಿ ನಾನು ಗಡುಸಾಗಿಯೇ ಹೇಳುತ್ತೇನೆ. ಎಂಕ್ಯೂ-2ರಂಥವುಗಳ ಒಳಗೆ ಬಿಸಿ ಮಾಡಿದ ಟಿನ್ ಆಕ್ಸೈಡ್ ಇರುತ್ತದೆ. ಶುದ್ಧ ಗಾಳಿಯಲ್ಲಿ ಅದರ ಮೇಲೆ ಕುಳಿತ ಆಮ್ಲಜನಕ ರೋಧವನ್ನು ಏರಿಸಿಟ್ಟಿರುತ್ತದೆ. ಉರಿಯುವ ಅನಿಲ ಬಂದು ಆ ಆಮ್ಲಜನಕವನ್ನು ಕಬಳಿಸಿದಾಗ ರೋಧ ಇಳಿಯುತ್ತದೆ. ಎಲ್‌ಪಿಜಿ, ಹೊಗೆ, ಆಲ್ಕೋಹಾಲ್ ಆವಿ, ಹೈಡ್ರೋಜನ್, ಎಲ್ಲಕ್ಕೂ ಅದು ಹೀಗೆಯೇ ಇಳಿಯುತ್ತದೆ. ಗಾಳಿಯ ತೇವ ಬದಲಾದರೂ ಅಂಕಿ ಸರಿಯುತ್ತದೆ. ಹೊಸದನ್ನು ಮೊದಲ ಸಲ 24 ಗಂಟೆಗಿಂತ ಹೆಚ್ಚು ಕಾಲ ಬಿಸಿಯಾಗಲು ಬಿಡಬೇಕು, ಹೀಟರ್ ಎಳೆಯುವ ಸುಮಾರು 150 ಮಿಲಿಆಂಪಿಯರನ್ನು ಬೋರ್ಡಿನ ಪಿನ್ನಿನಿಂದ ತೆಗೆಯಬಾರದು. ಇದರಿಂದ ಕಲಿಯಿರಿ, ಪ್ರಯೋಗ ಮಾಡಿ. ಆದರೆ ಜನ ಮಲಗುವ ಜಾಗದಲ್ಲಿ ಜೀವ ಕಾಯುವ ಕೆಲಸವನ್ನು ಇದಕ್ಕೆ ಒಪ್ಪಿಸಬೇಡಿ. ಅಲ್ಲಿ ಪ್ರಮಾಣಿತ ಅಲಾರಂ ಮಾತ್ರ ಇರಬೇಕು.

ಅಂಕಿ ಕುಣಿಯುತ್ತಿದ್ದರೆ

ಸೆನ್ಸರ್ ಬದಲಿಸುವ ಮುಂಚೆ ಇವನ್ನು ನೋಡಿ. ಸೆನ್ಸರ್‌ಗೆ ಬೇರೆ ಅಡಾಪ್ಟರ್ ಇದ್ದರೆ ಅದರ ಗ್ರೌಂಡ್ ಮತ್ತು ಬೋರ್ಡಿನ ಗ್ರೌಂಡ್ ಸೇರಿವೆಯೇ? ನನ್ನ ಅನುಭವದಲ್ಲಿ ಅತಿ ಹೆಚ್ಚು ಸಲ ತಪ್ಪುವುದು ಇದೇ. ಏನೂ ಜೋಡಿಸದ ಪಿನ್ ತನ್ನಷ್ಟಕ್ಕೆ ಏನೇನೋ ಅಂಕಿ ತೋರಿಸುತ್ತದೆ, ವೈರ್ ಬ್ರೆಡ್‌ಬೋರ್ಡಿನಲ್ಲಿ ಸಡಿಲವಾಗಿದ್ದರೂ ಹಾಗೆಯೇ. ಸೆನ್ಸರ್‌ನ ಸಪ್ಲೈ ಕಾಲುಗಳ ಪಕ್ಕದಲ್ಲೇ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ. ಮೋಟಾರ್, ರಿಲೇಗಳಿಗೆ ಬೇರೆ ಸಪ್ಲೈ ಕೊಡಿ. ಇಷ್ಟಾದರೂ ಕುಣಿತ ನಿಲ್ಲದಿದ್ದರೆ ಆಗ ಮಲ್ಟಿಮೀಟರ್ ತೆಗೆದು, ಬೋರ್ಡನ್ನು ಬದಿಗಿಟ್ಟು, ಸೆನ್ಸರ್‌ನ ಹೊರಬರುವ ವೋಲ್ಟೇಜನ್ನು ನೇರವಾಗಿ ನೋಡಿ. ಅಲ್ಲಿ ಸ್ಥಿರವಾಗಿದ್ದರೆ ದೋಷ ನಿಮ್ಮ ವೈರಿಂಗಿನಲ್ಲಿ ಅಥವಾ ಕೋಡಿನಲ್ಲಿದೆ.

ಗಡಿಯ ಅಂಕಿಯನ್ನು ಮೇಜಿನ ಮೇಲೆ ಕೂತು ನಿರ್ಧರಿಸಬೇಡಿ. ಸೆನ್ಸರ್ ಕೊನೆಗೆ ಎಲ್ಲಿ ಇರಬೇಕೋ ಅಲ್ಲೇ ಕೂರಿಸಿ, ನಿಮಿಷಕ್ಕೊಂದರಂತೆ ಒಂದು ಪೂರ್ತಿ ಹಗಲು ರಾತ್ರಿ ಅಂಕಿಗಳನ್ನು ದಾಖಲಿಸಿ. ಮಾರನೆಯ ದಿನ ಆ 1,440 ಅಂಕಿಗಳ ಗ್ರಾಫ್ ಬಿಡಿಸಿ ನೋಡಿ, 300 ಮತ್ತು 450ರ ಬದಲು ಯಾವ ಎರಡು ಅಂಕಿ ಬರೆಯಬೇಕೆಂದು ಅದರಲ್ಲೇ ಕಾಣುತ್ತದೆ.